ಹಳೇ ಹಲಸಿನ ಬಾಗಿಲಿಗೆ ಆಷಾಢದ ಗಾಳಿ ತಡೆದ ಕಥೆ

"ಇದಕ್ಕೆ ಔಷಧಿ ಇಲ್ಲ ಮಾರಾಯ್ರೆ, ಕದ ಬದಲಾಯಿಸಿ" ಅಂದಿದ್ದರು ನಮ್ಮ ಮರಗೆಲಸದ ಆಚಾರ್ರು. ಸಾಗುವಾನಿ ಕದಕ್ಕೆ ಕೂಲಿ ಸೇರಿ 45 ಸಾವಿರದ ಲೆಕ್ಕ ಕೊಟ್ಟರು. ಎರಡು ಮಳೆಗಾಲ ಹೆಣಗಿ, ಮೂರನೆಯದರಲ್ಲಿ ನಾನೇ ಸರಿ ಮಾಡಿದೆ. ಕೊನೆಗೆ ಉಪಯೋಗಕ್ಕೆ ಬಂದ ಸಾಮಾನಿನ ಖರ್ಚು ಸುಮಾರು 700 ರೂಪಾಯಿ. ಅದಕ್ಕೂ ಮೊದಲು ಹಾಳು ಮಾಡಿದ್ದು ಅದರ ಎರಡರಷ್ಟು.

ಮನೆ ಕೊಪ್ಪದ ಕಡೆ, ಬಾಗಿಲು ಪಶ್ಚಿಮಕ್ಕೆ. ಅಜ್ಜ ಮಾಡಿಸಿದ್ದ ಎರಡು ಕದದ ಬಾಗಿಲು, ಒಳಗೆ ತೆರೆಯುವಂಥದ್ದು. ಆರಿದ್ರಾ ಮಳೆ ಹಿಡಿಯಿತೆಂದರೆ ದೇವರ ಮುಂದಿನ ದೀಪ ನಿಲ್ಲುತ್ತಿರಲಿಲ್ಲ. ಇರಿಚಲು ಜಗಲಿ ದಾಟಿ ಒಳಗೇ ಬರುತ್ತಿತ್ತು. ರಾತ್ರಿ ಹೊರಗಿನಿಂದ ಟಾರ್ಚ್ ಹಿಡಿಸಿ ಒಳಗೆ ಕತ್ತಲಲ್ಲಿ ನಿಂತು ನೋಡಿದೆ. ಕದಗಳ ನಡುವೆ ಮೇಲಿಂದ ಕೆಳಗಿನವರೆಗೆ ಬೆಳಕಿನ ಗೆರೆ. ಅಡಿಯಲ್ಲಂತೂ ಬೆರಳು ತೂರುವಷ್ಟು ಜಾಗ, ಯಾಕೆಂದರೆ ಹೊಸ್ತಿಲು ನಡುವೆ ಸವೆದು ತಗ್ಗಾಗಿದೆ.

ಮೊದಲನೇ ವರ್ಷ ಫೋಮ್ ಟೇಪ್ ತಂದೆ. ಎರಡು ಸುರುಳಿಗೆ ಇನ್ನೂರೈವತ್ತರ ಹತ್ತಿರ. ವರ್ಷಗಟ್ಟಲೆ ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯಲಿಲ್ಲ. ತಿಂಗಳೊಳಗೆ ಹಾವಿನ ಪೊರೆ ಹಾಗೆ ಜೋತುಬಿತ್ತು. ಕದದ ಅಡಿಗೆ ಹಾಕಿದ ಬ್ರಷ್ ಪಟ್ಟಿ 350 ರೂಪಾಯಿಯದು. ಅದು ನೇರ, ಹೊಸ್ತಿಲು ತಗ್ಗು. ಗಾಳಿ ನಡುವಿನಿಂದ ಆರಾಮಾಗಿ ಬಂತು.

ಎರಡನೇ ವರ್ಷದ್ದು ದೊಡ್ಡ ತಪ್ಪು. ಏಪ್ರಿಲ್‌ನಲ್ಲಿ ಕದಗಳ ನಡುವೆ ಒಂದು ರೂಪಾಯಿಯ ಮೂರು ನಾಣ್ಯ ಜೋಡಿಸಿ ತೂರಿಸುವಷ್ಟು ಸಂದಿ ಇತ್ತು. ಅಂಚಿಗೆ ಮರದ ರೀಪು ಹೊಡೆದು ಮುಚ್ಚಿದೆ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನೆಂಟರನ್ನೆಲ್ಲ ಕರೆದು ತೋರಿಸಿದೆ. ಜೂನ್ ಕೊನೆಗೆ ಕದ ಉಬ್ಬಿ, ಬಾಗಿಲು ಹಾಕಲಿಕ್ಕೇ ಬರಲಿಲ್ಲ. ಸುರಿವ ಮಳೆಯಲ್ಲಿ ಅಂಚಿಗೆ ಹತ್ತರಿ ಹೊಡೆಯಬೇಕಾಯಿತು. ಅಜ್ಜನ ಮರ ಸಿಪ್ಪೆ ಸಿಪ್ಪೆಯಾಗಿ ಬೀಳುವಾಗ ನನಗೆ ಹೊಟ್ಟೆ ಉರಿಯಿತು.

ಆಗ ತಲೆಗೆ ಹೋಯಿತು. ಮರ ಉಬ್ಬುವುದು ಅಗಲಕ್ಕೆ. ಉದ್ದಕ್ಕೆ ಇಲ್ಲವೇ ಇಲ್ಲ ಅನ್ನಬಹುದು, ದಪ್ಪಕ್ಕೆ ಬಹಳ ಕಡಿಮೆ. ಹಾಗಾದರೆ ಅಂಚಿಗೆ ಏನನ್ನೂ ತುಂಬಬಾರದು. ಕದ ಬಂದು ಒರಗುವ ಮುಖಕ್ಕೆ ರಬ್ಬರ್ ಕೊಡಬೇಕು. ಅಂಚಿನ ಸಂದಿ ಅದರ ಪಾಡಿಗೆ ದೊಡ್ಡದು ಸಣ್ಣದು ಆಗುತ್ತಿರಲಿ.

ಮೂರನೇ ಸಲ ಮೊದಲು ಬಿಜಾಗರಿ ನೋಡಿದೆ. ಎಡಗದ ಕೆಳಗೆ ಜೋತಿತ್ತು. ಸಡಿಲಾದ ಸ್ಕ್ರೂ ತೂತಿಗೆ ಬಿದಿರಿನ ಗೂಟ ಫೆವಿಕಾಲ್ ಹಾಕಿ ಹೊಡೆದು, ಒಣಗಿದ ಮೇಲೆ ಮತ್ತೆ ಸ್ಕ್ರೂ ಬಿಗಿದೆ. ಇದೊಂದರಿಂದಲೇ ಅರ್ಧ ಗಾಳಿ ಹೋಯಿತು. ಆಮೇಲೆ ಶಿವಮೊಗ್ಗದ ಗುಜರಿಯಿಂದ ಹಳೇ ಕಾರಿನ ಬಾಗಿಲ ರಬ್ಬರ್ ತಂದೆ, ಒಳಗೆ ಪೊಳ್ಳು ಇರುವಂಥದ್ದು. 22 ಅಡಿ, ಚೌಕಾಸಿ ಮಾಡಿ 300 ರೂಪಾಯಿ. ದಾರಂದದಲ್ಲಿ, ಅಂದರೆ ಬಾಗಿಲ ಚೌಕಟ್ಟಿನಲ್ಲಿ, ಕದ ಕೂರುವ ಕಚ್ಚಿಗೆ ಮೂರೂ ಕಡೆ, ಜೊತೆಗೆ ಎರಡು ಕದ ಸೇರುವಲ್ಲಿನ ಪಟ್ಟಿಯ ಹಿಂಬದಿಗೆ ಸಣ್ಣ ಮೊಳೆಯಲ್ಲಿ ಹೊಡೆದೆ. ಅಂಟು ಮುಟ್ಟಲಿಲ್ಲ. ಮೂಲೆಯಲ್ಲಿ ರಬ್ಬರ್ ಕತ್ತರಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಒಂದು ವಿಷಯ. ಒಳಗೆ ತೆರೆಯುವ ಬಾಗಿಲನ್ನು ಗಾಳಿ ರಬ್ಬರಿನಿಂದ ದೂರಕ್ಕೆ ತಳ್ಳುತ್ತದೆ. ಅದಕ್ಕೆ ಅಗುಳಿಯ ಹಿಂದೆ ತೆಳು ಬೆಣೆ ಕೊಟ್ಟು, ಅಗುಳಿ ಹಾಕಿದಾಗ ಕದ ಒತ್ತಿ ಕೂರುವ ಹಾಗೆ ಮಾಡಿದೆ. ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ದಂಡ.

ಅಡಿಯ ಸಂದಿಗೆ ಏನೇನೋ ಮಾಡಿ ನೋಡಿದೆ. ಹಳೇ ಸೀರೆಯ ಚೀಲಕ್ಕೆ ಭತ್ತದ ಹೊಟ್ಟು ತುಂಬಿಟ್ಟರೆ ವಾರದಲ್ಲಿ ಮುಗ್ಗು ವಾಸನೆ. ಅಡಿಕೆ ಹಾಳೆಯ ಪಟ್ಟಿ ಹದಿನೈದು ದಿನ ಅದ್ಭುತವಾಗಿತ್ತು. ಮೆತ್ತಗಾಗಿ ಹೊಸ್ತಿಲಿಗೆ ಹೊಂದಿಕೊಂಡು ಕೂತಿತು. ಆಮೇಲೆ ಬೂಷ್ಟು ಹಿಡಿಯಿತು. ಈಗಲೂ ಹಾಳೆಯ ಮೇಲೆ ನನಗೆ ಆಸೆ ಹೋಗಿಲ್ಲ, ಎಣ್ಣೆ ಹಚ್ಚಿ ಇನ್ನೊಮ್ಮೆ ನೋಡಬೇಕು. ಕೊನೆಗೆ ನಿಂತಿದ್ದು ಸೈಕಲ್ ಟ್ಯೂಬ್. ಉದ್ದಕ್ಕೆ ಸೀಳಿ, ಹೊಸ್ತಿಲ ತಗ್ಗಿನ ಆಕಾರವನ್ನು ರಟ್ಟಿನಲ್ಲಿ ತೆಗೆದು, ಅದರಂತೆ ಕತ್ತರಿಸಿದೆ. ಹೊಸ್ತಿಲಿಗೆ ಮೊಳೆ ಹೊಡೆಯಲು ಅಮ್ಮ ಬಿಡುವುದಿಲ್ಲ, ನನಗೂ ಮನಸ್ಸಿಲ್ಲ. ಹಾಗಾಗಿ ಕದದ ಒಳಮುಖಕ್ಕೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಬಿಗಿದೆ. ಪಟ್ಟಿಗೆ ನೂರೆಂಬತ್ತೋ ಇನ್ನೂರೋ ಆಯಿತು.

ಅಳತೆಯನ್ನೆಲ್ಲ ಜುಲೈನಲ್ಲಿ, ಕದ ಪೂರ್ತಿ ಉಬ್ಬಿದಾಗಲೇ ತೆಗೆಯಿರಿ. ಎಣ್ಣೆ ಮಾತ್ರ ಮಾರ್ಚ್‌ನಲ್ಲಿ. ಕದದ ಅಡಿ ಅಂಚು ಜಾಸ್ತಿ ನೀರು ಕುಡಿಯುತ್ತದೆ. ಕದ ಕಳಚಿ ಅಲ್ಲಿಗೆ ಮೂರು ಸಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಕೊಟ್ಟೆ. ಅದಕ್ಕೆ ಬೆರೆಸಿದ ಇನ್ನೊಂದನ್ನು ಸದ್ಯ ಹೇಳುವುದಿಲ್ಲ. ಗೇರೆಣ್ಣೆ ಕೈಗೆ ತಾಗದಂತೆ ನೋಡಿಕೊಳ್ಳಿ, ಸುಡುತ್ತದೆ, ಗೊತ್ತಲ್ವಾ.

ಪುಷ್ಯ ಮಳೆಯ ದಿನ ಊದುಬತ್ತಿ ಹಚ್ಚಿ ದಾರಂದದ ಉದ್ದಕ್ಕೂ ಹಿಡಿದೆ. ಹಿಂದೆಲ್ಲ ಅದರ ಹೊಗೆ ಅಡ್ಡ ಮಲಗುತ್ತಿತ್ತು. ಈ ಸಲ ಎದೆಯೆತ್ತರದಲ್ಲಿ ದಾರದಂತೆ ನೇರ ಏರಿತು. ಚಿಲಕದ ಹತ್ತಿರ ಮಾತ್ರ ಸ್ವಲ್ಪ ಬಾಗಿತು. ಆಚಾರ್ರು ತಾವೇ ಬಂದು ಕದ ಎರಡು ಸಲ ಹಾಕಿ ತೆಗೆದು, "ರಬ್ಬರ್ ಎಲ್ಲಿ ಸಿಕ್ಕಿತು?" ಅಂತ ಕೇಳಿದರು.

ಈಗ ಭಾವ ಹಿಂಬಾಗಿಲಿಗೂ ಹೀಗೇ ಮಾಡು ಅನ್ನುತ್ತಿದ್ದಾರೆ. ಮಾಡುವುದಿಲ್ಲ. ಮುಂದಿನ ಬಾಗಿಲು ಬಿಗಿಯಾದ ವಾರವೇ ಸೌದೆ ಒಲೆಯ ಹೊಗೆ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ಕೆಮ್ಮು ಬಂತು. ಒಲೆಗೂ ಗಾಳಿ ಬೇಕಲ್ಲ. ಹಿಂಬಾಗಿಲ ಸಂದಿಯಿಂದ ಬಂದದ್ದು ಒಲೆಗೇ ಹೋಗಲಿ ಅಂತ ಅದನ್ನು ಹಾಗೇ ಬಿಟ್ಟಿದ್ದೇನೆ.