ಟೊಳ್ಳಾದ ಮೂಳೆಯೊಂದಿಗೆ ಆರು ವರ್ಷ

ನನಗೆ ಮುಟ್ಟು ನಿಂತದ್ದು 48ನೆಯ ವಯಸ್ಸಿನಲ್ಲಿ. 53ರಲ್ಲಿ ಒದ್ದೆ ನೆಲದ ಮೇಲೆ ಕಾಲು ಜಾರಿ, ಮೈ ಉಳಿಸಿಕೊಳ್ಳಲು ಚಾಚಿದ ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡೆ. ಮೂಳೆ ನೆಟ್ಟಗೆ ಕೂಡಿಕೊಂಡಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅದನ್ನು ಮರೆತೂಬಿಟ್ಟೆ. ಜಾರಿ ಬಿದ್ದರೆ ಯಾರ ಕೈಯಾದರೂ ಮುರಿಯುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ, ಪ್ಲಾಸ್ಟರ್ ಹಾಕಿದವರೂ ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಐವತ್ತು ದಾಟಿದ ಹೆಂಗಸು ನಿಂತಲ್ಲಿಂದಲೇ ಬಿದ್ದು ಮೂಳೆ ಮುರಿದುಕೊಂಡರೆ ಆಕೆಯ ಮೂಳೆಯ ಸಾಂದ್ರತೆಯನ್ನು ಅಳೆಯಿಸಬೇಕು ಎಂಬುದು ನನಗೆ ತಿಳಿದದ್ದು ಎರಡು ವರ್ಷ ಕಳೆದು, ನೀರು ತುಂಬಿದ ಬಕೆಟ್ಟನ್ನು ಬಗ್ಗಿ ಎತ್ತುವಾಗ ನಡುಬೆನ್ನಿನಲ್ಲಿ ಏನೋ ಕುಸಿದಂತಾಗಿ ಮೂರು ವಾರ ಹಾಸಿಗೆ ಹಿಡಿದ ಮೇಲೆ.

ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಎರಡು ಮಣಿಗಳು ಮುಂಭಾಗದಲ್ಲಿ ಕುಗ್ಗಿ ಬೆಣೆಯ ಆಕಾರಕ್ಕೆ ಬಂದಿದ್ದವು. ಒಂದು ಹೊಸದು. ಇನ್ನೊಂದು ಹಳೆಯದು, ಅದು ಯಾವಾಗ ಕುಸಿಯಿತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬೆನ್ನೆಲುಬಿನ ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಯಾರ ಗಮನಕ್ಕೂ ಬಾರದೆ, ಮಾಮೂಲಿ ಬೆನ್ನುನೋವೆಂಬ ಹೆಸರಿನಲ್ಲಿ ಕಳೆದುಹೋಗುತ್ತವೆ. ವೈದ್ಯರು ನನ್ನ ಎತ್ತರವನ್ನು ಅಳೆದಾಗ 153 ಸೆಂಟಿಮೀಟರ್ ಬಂತು. ಹಳೆಯ ದಾಖಲೆಯಲ್ಲಿ ಅದು 157 ಇತ್ತು. ಎರಡು ವರ್ಷಗಳಿಂದ ಮೇಲಿನ ಕಪಾಟು ಕೈಗೆಟುಕದೆ ನಾನು ಸ್ಟೂಲು ಹಾಕಿಕೊಳ್ಳುತ್ತಿದ್ದೆ, ಅದಕ್ಕೆ ಕಾರಣವೇನಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇಲ್ಲಿ ನಮ್ಮ ಭಾಷೆಯದೇ ಒಂದು ತೊಡಕನ್ನು ಹೇಳಬೇಕು. ‘ಮೂಳೆ ಸವೆತ’ ಎಂಬ ಮಾತನ್ನು ನಾವು ಮಂಡಿಯ ಕೀಲು ಸವೆದದ್ದಕ್ಕೂ ಬಳಸುತ್ತೇವೆ, ಮೂಳೆಯೇ ಒಳಗಿನಿಂದ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೂ ಬಳಸುತ್ತೇವೆ. ಕೀಲು ಸವೆದರೆ ನೋವಾಗುತ್ತದೆ, ನೋವು ಮನುಷ್ಯನನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತದೆ. ಮೂಳೆಯ ಒಳಗು ಟೊಳ್ಳಾಗುವಾಗ ಏನೂ ನೋಯುವುದಿಲ್ಲ. ನನ್ನ ಮಂಡಿಗಳು ಚೆನ್ನಾಗಿದ್ದವು, ಆದ್ದರಿಂದ ನನ್ನ ಮೂಳೆಗಳೂ ಚೆನ್ನಾಗಿವೆ ಎಂದು ನಂಬಿದ್ದೆ. ಔಷಧ ತೆಗೆದುಕೊಂಡರೆ ಹಾಯೆನಿಸುವುದಿಲ್ಲ, ಬಿಟ್ಟರೆ ಕಷ್ಟವೆನಿಸುವುದೂ ಇಲ್ಲ ಎಂಬ ಈ ಗುಣವೇ ಮುಂದೆ ನನ್ನನ್ನು ಹಲವು ಸಲ ಎಡವಿಸಿತು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನೆಲುಬಿನ ಟಿ-ಸ್ಕೋರ್ ಮೈನಸ್ 2.9, ತೊಡೆಮೂಳೆಯ ಕತ್ತಿನದು ಮೈನಸ್ 2.4 ಎಂದು ಬಂತು. ಆರೋಗ್ಯವಂತ ಯುವತಿಯರ ಸರಾಸರಿಗಿಂತ ನಮ್ಮ ಸಾಂದ್ರತೆ ಎಷ್ಟು ಕೆಳಗಿದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಮೈನಸ್ 1ರವರೆಗೆ ಸಹಜ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ನಡುವಿನದು ಆಸ್ಟಿಯೊಪೀನಿಯಾ. ತೊಡೆಮೂಳೆಯ ಲೆಕ್ಕದಲ್ಲಿ ನಾನು ಗೆರೆಯ ಈಚೆಗಿದ್ದೇನೆಂದು ಹಿಗ್ಗಿದಾಗ ವೈದ್ಯರು, “ಗೆರೆ ನಾವು ಎಳೆದುಕೊಂಡದ್ದು, ನಿಮ್ಮ ಬೆನ್ನೆಲುಬು ಆಗಲೇ ಎರಡು ಕಡೆ ಮುರಿದಿದೆ” ಎಂದರು. ಒಟ್ಟು ಲೆಕ್ಕ ಹಾಕಿದರೆ ಮುರಿತಗಳಲ್ಲಿ ಹೆಚ್ಚಿನವು ಮೈನಸ್ 2.5ರ ಗೆರೆ ದಾಟದ ಹೆಂಗಸರಲ್ಲೇ ಆಗುತ್ತವೆ, ಏಕೆಂದರೆ ಅಂಥವರ ಸಂಖ್ಯೆಯೇ ದೊಡ್ಡದು.

ನನಗೆ ಮಣಿಕಟ್ಟು, ಬೆನ್ನು ಇವೇ ಮುರಿದದ್ದರ ಹಿಂದೆಯೂ ಕಾರಣವಿದೆ. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಜೀವನವಿಡೀ ದುಡಿಯುತ್ತಿರುತ್ತವೆ; ಕರಗಿಸುವವುಗಳಿಗೆ ಕಡಿವಾಣ ಹಾಕುವುದು ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನು. ಮುಟ್ಟು ನಿಂತಾಗ ಆ ಕಡಿವಾಣ ಸಡಿಲವಾಗಿ, ನಂತರದ ಐದರಿಂದ ಏಳು ವರ್ಷಗಳಲ್ಲಿ ಕೆಲವರ ಮೂಳೆಯ ಐದನೆಯ ಒಂದು ಪಾಲಿನಷ್ಟು ಕರಗಿಹೋಗಬಹುದು. ಹೊರಗಿನ ಗಟ್ಟಿ ಕವಚಕ್ಕಿಂತ ಒಳಗಿನ ಜಾಲರಿಯಂಥ ಮೂಳೆ ಬೇಗ ಕರಗುತ್ತದೆ, ಆ ಜಾಲರಿ ಹೆಚ್ಚಾಗಿರುವುದು ಬೆನ್ನೆಲುಬಿನ ಮಣಿಗಳಲ್ಲಿ ಮತ್ತು ಮಣಿಕಟ್ಟಿನ ಹತ್ತಿರ.

ಔಷಧಕ್ಕೆ ಮೊದಲು ಬೇರೆ ಕಾರಣಗಳನ್ನು ಹುಡುಕಿದರು: ಥೈರಾಯ್ಡ್, ಪ್ಯಾರಾಥೈರಾಯ್ಡ್, ಕಿಡ್ನಿ, ಕರುಳಿನ ಹೀರುವಿಕೆ, ರಕ್ತದ ಪ್ರೋಟೀನು, ಹಿಂದೆ ಸ್ಟೀರಾಯ್ಡ್ ತೆಗೆದುಕೊಂಡ ಇತಿಹಾಸ. ಸಿಕ್ಕಿದ್ದು ಎರಡು. ರಕ್ತದಲ್ಲಿ ವಿಟಮಿನ್ ಡಿ ಪ್ರಮಾಣ ಮಿಲಿಲೀಟರಿಗೆ 20 ನ್ಯಾನೊಗ್ರಾಂ ಆದರೂ ಇರಬೇಕಾದ ಕಡೆ 11 ಇತ್ತು. ಜೊತೆಗೆ, ಹೊಟ್ಟೆಯುರಿಗೆಂದು ಯಾವಾಗಲೋ ಶುರುಮಾಡಿದ ಆಮ್ಲ ತಗ್ಗಿಸುವ ಮಾತ್ರೆಯನ್ನು ನಾನು ಆರು ವರ್ಷಗಳಿಂದ ಯಾರನ್ನೂ ಕೇಳದೆ ನುಂಗುತ್ತಿದ್ದೆ. ಅಂಥ ಮಾತ್ರೆಗಳ ದೀರ್ಘ ಬಳಕೆಗೂ ಮುರಿತಕ್ಕೂ ನಂಟು ಕಂಡುಬಂದಿದೆ. ವೈದ್ಯರ ಸಲಹೆಯಂತೆ ಅದನ್ನು ಮೆಲ್ಲಗೆ ಬಿಟ್ಟೆ.

ಕ್ಯಾಲ್ಸಿಯಂ ವಿಷಯದಲ್ಲಿ ನಾನು ಮಾಡಿದ ತಪ್ಪು ಲೆಕ್ಕದ್ದು. ಐವತ್ತು ದಾಟಿದ ಹೆಂಗಸಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಬೇಕು ಎಂದು ಓದಿ, ‘ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿಲಿಗ್ರಾಂ’ ಎಂದು ಬರೆದಿದ್ದ ಒಂದು ಮಾತ್ರೆ ನುಂಗಿ ಆ ದಿನದ ಪಾಲು ಮುಗಿಯಿತೆಂದುಕೊಂಡಿದ್ದೆ. ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ ನೂರಕ್ಕೆ 40 ಮಾತ್ರ, ಅಂದರೆ ಆ ಮಾತ್ರೆಯಲ್ಲಿ ಇದ್ದದ್ದು 500. ತಿಳಿದ ಮೇಲೆ ಉತ್ಸಾಹದಿಂದ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗತೊಡಗಿದೆ. ಅದೂ ತಪ್ಪೇ: ಒಂದು ಸಲಕ್ಕೆ 500ರಿಂದ 600 ಮಿಲಿಗ್ರಾಂಗಿಂತ ಹೆಚ್ಚನ್ನು ಕರುಳು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಕಡೆಗೆ ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ನೋಡಿದಾಗ, 100 ಮಿಲಿಲೀಟರ್ ಹಾಲಿನಿಂದ ಸುಮಾರು 120 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ, ಊಟತಿಂಡಿಯಿಂದಲೇ 700ರಷ್ಟು ಸಿಗುತ್ತಿದ್ದದ್ದು ಕಂಡುಬಂತು. ಕೊರತೆಗೆ ಒಂದೇ ಮಾತ್ರೆ ಸಾಕಾಯಿತು. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕಾದ್ದರಿಂದ ಅದನ್ನು ಊಟದ ಜೊತೆಗೇ ತೆಗೆದುಕೊಳ್ಳುತ್ತೇನೆ.

ಆದರೆ ನನ್ನಷ್ಟು ಕಳೆದುಕೊಂಡವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೇ ಸಾಲುವುದಿಲ್ಲ. ಹಾರ್ಮೋನ್ ಚಿಕಿತ್ಸೆಯ ಮಾತು ಬಂತು. ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದುದರಿಂದ ಅದನ್ನು ಅಲ್ಲಿಗೇ ಕೈಬಿಟ್ಟೆವು. ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯನ್ನು ವಾರಕ್ಕೊಮ್ಮೆ ಬರೆದುಕೊಟ್ಟರು. ಬೆಳಗ್ಗೆ ಎದ್ದ ಕೂಡಲೆ ಬರಿಹೊಟ್ಟೆಯಲ್ಲಿ, ತುಂಬಿದ ಲೋಟ ಬರಿಯ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ, ಮಲಗದೆ ನೆಟ್ಟಗೆ ಇರಬೇಕು. ಇದನ್ನು ನಾನು ಅತಿ ಎಚ್ಚರಿಕೆಯ ಮಾತೆಂದುಕೊಂಡು ಮೊದಲ ಎರಡು ತಿಂಗಳು ಮಾತ್ರೆಯ ಬೆನ್ನಿಗೇ ಕಾಫಿ ಕುಡಿದೆ. ಸರಿಯಾಗಿ ತೆಗೆದುಕೊಂಡರೂ ಈ ಔಷಧದಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ, ಕಾಫಿ ಆ ಚೂರಿನಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಕಸಿಯುತ್ತದೆ ಎಂದು ತಿಳಿದಾಗ, ಎರಡು ತಿಂಗಳ ಮಾತ್ರೆಯನ್ನು ಹೆಚ್ಚುಕಡಿಮೆ ಚರಂಡಿಗೆ ಸುರಿದಂತಾಯಿತೆಂದು ನಾಚಿಕೆಯಾಯಿತು. ಇನ್ನೊಂದು ದಿನ ಮಾತ್ರೆ ನುಂಗಿ ಮತ್ತೆ ಮಲಗಿಬಿಟ್ಟೆ. ಎದೆಯ ನಡುವೆ ಹತ್ತಿದ ಉರಿ ನಾಲ್ಕು ದಿನ ಹೋಗಲಿಲ್ಲ. ಆಮೇಲೆ ಮಾತ್ರೆ ಕಂಡರೇ ಹೆದರಿಕೆಯಾಗಿ, ಯಾರಿಗೂ ಹೇಳದೆ ವಾರಗಳನ್ನು ತಪ್ಪಿಸತೊಡಗಿದೆ.

ಎಂಟು ತಿಂಗಳಾದ ಮೇಲೆ ವೈದ್ಯರ ಮುಂದೆ ಇದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆಸಿಡ್‌ಗೆ ಬದಲಿಸಿದರು. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಔಷಧ ಮೂರು ವರ್ಷಗಳಲ್ಲಿ ಬೆನ್ನೆಲುಬಿನ ಮುರಿತವನ್ನು ನೂರಕ್ಕೆ 70ರಷ್ಟು, ಸೊಂಟದ, ಅಂದರೆ ತೊಡೆಮೂಳೆಯ ಮೇಲ್ತುದಿಯ, ಮುರಿತವನ್ನು 41ರಷ್ಟು ತಗ್ಗಿಸಿತ್ತು. ದವಡೆಯ ಮೂಳೆ ಕೊಳೆಯುವುದು, ತೊಡೆಮೂಳೆ ವಿಚಿತ್ರವಾಗಿ ಬಿರಿಯುವುದು ಎಂಬ ಅಡ್ಡಪರಿಣಾಮಗಳನ್ನು ಓದಿ ನಾನೂ ನಿದ್ದೆಗೆಟ್ಟಿದ್ದೆ. ಅವು ನಿಜ, ಆದರೆ ತೀರ ಅಪರೂಪ. ಬೆನ್ನೆಲುಬಿನಲ್ಲೇ ಎರಡು ಮುರಿತಗಳಾಗಿದ್ದ ನನಗೆ ಅಲ್ಲಿ ಮೂರನೆಯದರ ಸಂಭವ ಅವುಗಳಿಗಿಂತ ಬಹಳ ದೊಡ್ಡದಿತ್ತು. ಮೊದಲು ಹುಳುಕು ಹಲ್ಲೊಂದನ್ನು ಕೀಳಿಸಿ ಒಸಡು ಮಾಯುವವರೆಗೆ ಕಾದೆವು, ವಿಟಮಿನ್ ಡಿ ಸರಿಪಡಿಸಿಕೊಂಡೆವು, ಕಿಡ್ನಿಯ ಪರೀಕ್ಷೆ ಮಾಡಿಸಿದೆವು. ಮೊದಲ ಸಲ ಎರಡು ದಿನ ಜ್ವರ, ಮೈಕೈ ನೋವು ಬಂದು ಪ್ಯಾರಾಸಿಟಮಾಲ್‌ನಲ್ಲಿ ಇಳಿಯಿತು. ಮರುವರ್ಷ ಅಷ್ಟೂ ಇರಲಿಲ್ಲ.

ನನ್ನೊಂದಿಗೆ ವ್ಯಾಯಾಮಕ್ಕೆ ಬರುತ್ತಿದ್ದ ಒಬ್ಬರು ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಔಷಧ, ಆದರೆ ಅದು ಮೂಳೆಯಲ್ಲಿ ಉಳಿಯುವುದಿಲ್ಲ. ನಿಲ್ಲಿಸಿದರೆ ಅಥವಾ ತಿಂಗಳುಗಟ್ಟಲೆ ತಡಮಾಡಿದರೆ ತಡೆದಿದ್ದ ಕರಗುವಿಕೆ ಒಮ್ಮೆಲೇ ನುಗ್ಗಿ ಬೆನ್ನೆಲುಬು ಹಲವು ಕಡೆ ಮುರಿಯಬಹುದು. ಅವರು ಪ್ರಯಾಣದ ನೆಪದಲ್ಲಿ ಒಂದು ಚುಚ್ಚುಮದ್ದನ್ನು ಬಿಟ್ಟಿದ್ದರು. ಅದನ್ನು ಬಿಡುವುದಾದರೆ ಬದಲಿ ಔಷಧವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು ಎಂಬುದನ್ನು ಅವರಿಗೆ ಯಾರೂ ಒತ್ತಿ ಹೇಳಿರಲಿಲ್ಲ.

ವ್ಯಾಯಾಮದಲ್ಲಿ ನಾನು ಕಲಿತದ್ದಕ್ಕಿಂತ ಮರೆಯಬೇಕಾಗಿ ಬಂದದ್ದೇ ಹೆಚ್ಚು. ದಿನಕ್ಕೊಂದು ಗಂಟೆ ನಡೆಯುತ್ತಿದ್ದೆ, ನಂತರ ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಅಂಗಾತ ಮಲಗಿ ತಲೆಯೆತ್ತಿ ಏಳುವುದು. ಇಪ್ಪತ್ತು ವರ್ಷಗಳ ಅಭ್ಯಾಸ, ಹೆಮ್ಮೆಯೂ ಇತ್ತು. ಫಿಸಿಯೊಥೆರಪಿಸ್ಟ್ ಮೊದಲ ದಿನವೇ ಕೊನೆಯ ಎರಡನ್ನೂ ನಿಲ್ಲಿಸಿದರು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದಾಗ ಭಾರವೆಲ್ಲ ಮಣಿಗಳ ಮುಂದಿನ ಅಂಚಿನ ಮೇಲೆ ಬೀಳುತ್ತದೆ, ನನ್ನ ಮಣಿಗಳು ಕುಗ್ಗಿದ್ದೂ ಅಲ್ಲೇ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಆಸ್ಟಿಯೊಪೊರೋಸಿಸ್ ಇದ್ದ 59 ಹೆಂಗಸರ ಬಗ್ಗೆ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಅವರು ವಿವರಿಸಿದರು: ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89 ಮಂದಿಗೆ ಬೆನ್ನೆಲುಬಿನಲ್ಲಿ ಹೊಸ ಕುಸಿತ ಕಂಡಿತು, ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ 16 ಮಂದಿಗೆ ಮಾತ್ರ. ಯಾವ ವ್ಯಾಯಾಮವನ್ನೂ ಮಾಡದವರ ಪಾಲು 67. ಸಣ್ಣ ಅಧ್ಯಯನ ನಿಜ. ಆದರೂ ಸುಮ್ಮನಿದ್ದವರಿಗಿಂತ ಬಗ್ಗಿದವರೇ ಹೆಚ್ಚು ಕೆಟ್ಟರೆಂಬ ಆ ಅಂಕಿ ನನ್ನ ಇಪ್ಪತ್ತು ವರ್ಷಗಳ ಹೆಮ್ಮೆಯನ್ನು ಇಳಿಸಿತು.

ಬಗ್ಗುವುದನ್ನೇ ಹೊಸದಾಗಿ ಕಲಿತೆ. ಕೋಲೊಂದನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು, ಅದು ತಲೆಯ ಹಿಂಭಾಗ, ಮೇಲ್ಬೆನ್ನು, ಬೆನ್ನಿನ ಬುಡ ಈ ಮೂರಕ್ಕೂ ತಾಗಿರುವಂತೆಯೇ ಮಂಡಿ ಸಡಿಲಿಸಿ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಬಾಗಬೇಕು. ಒಂದು ಕಡೆ ಕೋಲು ಮೈ ಬಿಟ್ಟರೂ ತಪ್ಪು. ಇದು ಮೈಗೂಡಲು ಎರಡು ತಿಂಗಳು ಹಿಡಿಯಿತು. ಈಗ ಮುಖ ತೊಳೆಯುವಾಗಲೂ ಚಪ್ಪಲಿ ಹಾಕಿಕೊಳ್ಳುವಾಗಲೂ ಹಾಗೆಯೇ ಬಾಗುತ್ತೇನೆ, “ಅಮ್ಮಾ, ಕವಾಯತು ಮಾಡ್ತಿದ್ದೀಯಾ?” ಎಂದು ಮಗಳು ನಗುತ್ತಾಳೆ. ಆಮೇಲೆ ಬೋರಲು ಮಲಗಿ ಎದೆಯನ್ನು ತುಸುವೇ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಎರಡು ಕಿಲೋ ತೂಕ, ಒಂದೂವರೆ ವರ್ಷದ ಹೊತ್ತಿಗೆ 20 ಕಿಲೋ ಕಂಬಿಯನ್ನು ನೆಲದಿಂದ ಎತ್ತುವುದು. ನಡಿಗೆ ಹೃದಯಕ್ಕೆ ಒಳ್ಳೆಯದು, ಮೂಳೆಯ ಸಾಂದ್ರತೆಗೆ ಅದರಿಂದ ಸಿಗುವುದು ಕಡಿಮೆ. ಮೂಳೆ ಬಲಗೊಳ್ಳುವುದು ಎಂದಿಗಿಂತ ಹೆಚ್ಚಿನ ಭಾರ ಬಿದ್ದಾಗ. ಆದರೆ ಬೆನ್ನು ಮುರಿದವರು ಈ ಭಾರವನ್ನು ಬಲ್ಲವರು ಪಕ್ಕದಲ್ಲಿ ನಿಲ್ಲದೆ ಎತ್ತಬಾರದು, ನಾನೂ ಎತ್ತಲಿಲ್ಲ.

ಸೊಂಟದ ಮುರಿತಗಳಲ್ಲಿ ಬಹುಪಾಲು ಬಿದ್ದೇ ಆಗುವಂಥವು, ಅದರಲ್ಲೂ ಪಕ್ಕಕ್ಕೆ ಬಿದ್ದು. ಸಡಿಲ ಚಾಪೆಗಳನ್ನು ತೆಗೆದೆ, ಬಚ್ಚಲಲ್ಲಿ ಗೋಡೆಗೆ ಹಿಡಿ ಹಾಕಿಸಿದೆ, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ದೀಪ ಉರಿಯುತ್ತದೆ. ನೆಗಡಿಗೆ ನುಂಗುತ್ತಿದ್ದ ಮಂಪರು ಬರಿಸುವ ಮಾತ್ರೆಯನ್ನು ಬಿಟ್ಟೆ. ಒಂಟಿ ಕಾಲಲ್ಲಿ ಮೊದಲ ದಿನ ಆರು ಸೆಕೆಂಡು ನಿಂತಿದ್ದೆ, ಈಗ ಮೂವತ್ತು ದಾಟುತ್ತೇನೆ.

ಎರಡು ವರ್ಷಗಳ ನಂತರ ಸ್ಕ್ಯಾನನ್ನು ಹತ್ತಿರವೆಂದು ಬೇರೊಂದು ಕಡೆ ಮಾಡಿಸಿದೆ. ಅಂಕಿ ಮೊದಲಿಗಿಂತ ಕೆಳಗೆ ಬಂದು ಎರಡು ರಾತ್ರಿ ಅತ್ತೆ. ಒಂದು ಯಂತ್ರದ ಅಂಕಿಯನ್ನು ಇನ್ನೊಂದರ ಅಂಕಿಯೊಂದಿಗೆ ಹೋಲಿಸುವಂತಿಲ್ಲ. ಹಳೆಯ ಯಂತ್ರದಲ್ಲೇ ಅಳೆಯಿಸಿ, ಕುಸಿದ ಮಣಿಗಳನ್ನು ಲೆಕ್ಕದಿಂದ ಬಿಟ್ಟು ನೋಡಿದಾಗ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ 5ರಷ್ಟು ಏರಿತ್ತು. ಕುಸಿದ ಮಣಿ ಒತ್ತೊತ್ತಾಗಿರುವುದರಿಂದ ಸುಳ್ಳು ಏರಿಕೆ ತೋರಿಸುತ್ತದೆ, ಅದಕ್ಕೇ ಅದನ್ನು ಬಿಡುವುದು. ಸೊಂಟದ್ದು ನೂರಕ್ಕೆ 1ರಷ್ಟು ಏರಿತ್ತು. ಅದನ್ನು ಯಂತ್ರದ ತಪ್ಪಿನ ಅಂತರದೊಳಗಿನದು ಎಂದು ವೈದ್ಯರು ಲೆಕ್ಕಕ್ಕೇ ಹಿಡಿಯಲಿಲ್ಲ.

ಮೂರು ವರ್ಷ ಡ್ರಿಪ್ ಪಡೆದ ಮೇಲೆ ಔಷಧಕ್ಕೆ ಬಿಡುವು ಕೊಡಬಹುದೆಂದು ಓದಿ ಕೇಳಿದ್ದೆ. ಹಾಗೆ ಬಿಡುವು ಕೊಡುವುದು ಅಪಾಯ ಕಡಿಮೆಯಿರುವವರಿಗೆ, ಬೆನ್ನೆಲುಬಿನ ಎರಡು ಮುರಿತಗಳಿರುವ ನಿಮಗೆ ಆರು ವರ್ಷ ನಡೆಯಲಿ ಎಂದರು. ಆರನೆಯದು ಮುಂದಿನ ತಿಂಗಳು. ಕಿಡ್ನಿ ಮತ್ತು ವಿಟಮಿನ್ ಡಿ ಪರೀಕ್ಷೆಗೆ ರಕ್ತ ಕೊಟ್ಟಾಗಿದೆ, ಹಲ್ಲಿನ ವೈದ್ಯರನ್ನು ಸೋಮವಾರ ಕಾಣಬೇಕು. ಪ್ರತಿ ಜನವರಿಯಲ್ಲಿ ಮಗಳು ನನ್ನನ್ನು ಅದೇ ಗೋಡೆಗೆ ಒರಗಿಸಿ ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾಳೆ. ಆರು ಗುರುತುಗಳೂ 153ರ ಹತ್ತಿರವೇ ಒಂದರ ಮೇಲೊಂದು ಕೂತು ದಪ್ಪನೆಯ ಒಂದೇ ಗೆರೆಯಂತೆ ಕಾಣುತ್ತವೆ.