ಟರ್ಬೊ ಎಸ್ಟೀಮ್‌ಗೆ ಪೆಟ್ರೋಲು ಮತ್ತು ಇಸಿಯು ಆರಿಸಿಕೊಂಡ ಬಗೆ

ನನ್ನ ಮಾರುತಿ ಎಸ್ಟೀಮ್‌ಗೆ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಕೂರಿಸಲು ಹೊರಟಾಗ ಎಲ್ಲಕ್ಕಿಂತ ಮೊದಲು ತೀರ್ಮಾನಿಸಿದ್ದು ಪೆಟ್ರೋಲಿನ ವಿಷಯವನ್ನು. ಇಂಧನ ಸಿಂಪಡಿಸುವ ಇಂಜೆಕ್ಟರ್, ಪಂಪು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು, ಟರ್ಬೊ ಕೊಡುವ ಹೆಚ್ಚುವರಿ ಒತ್ತಡವಾದ ಬೂಸ್ಟ್ ಎಲ್ಲವೂ ಅದರ ಹಿಂದೆ ಬಂದವು. ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗಿರುತ್ತದೆ. ಅಗ್ಗದಲ್ಲಿ ಒಂದು ಟರ್ಬೊ ಸಿಗುತ್ತದೆ, ಸ್ನೇಹಿತರೊಬ್ಬರು ತಾವು ಬಳಸಿದ ಇಸಿಯುವನ್ನು ಹೊಗಳುತ್ತಾರೆ, ಎರಡನ್ನೂ ಜೋಡಿಸಿ ಟ್ಯೂನಿಂಗ್‌ಗೆ ಕೂತ ಮೇಲೆ ಟ್ಯಾಂಕಿನಲ್ಲಿ ಇರುವುದೇನು ಎಂಬ ಪ್ರಶ್ನೆ ಏಳುತ್ತದೆ. ಮಲೆನಾಡಿನಲ್ಲಿ ಓಡಬೇಕಾದ ಕಾರಿಗೆ ಇದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಾರು ಸಾರ್ವಜನಿಕ ರಸ್ತೆಯಲ್ಲಿ ಓಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ತಾಳೆಯಾಗದಂಥ ಬದಲಾವಣೆಯನ್ನು ಮಾಲೀಕರು ಮಾಡುವಂತಿಲ್ಲ. ಹಾಗಾಗಿ ಇದು ಟ್ರೇಲರ್ ಏರಿ ಹೋಗಿ, ತೋಟದ ಖಾಸಗಿ ಮಣ್ಣುಹಾದಿಗಳಲ್ಲಿ ಮತ್ತು ಸ್ಪರ್ಧೆಗಳಲ್ಲಿ ಮಾತ್ರ ಇಳಿಯುತ್ತದೆ. ಆ ಹಾದಿಗಳು ಕೊಪ್ಪ, ತೀರ್ಥಹಳ್ಳಿ, ಚಿಕ್ಕಮಗಳೂರಿನ ಸುತ್ತಮುತ್ತ ಇರುವುದರಿಂದ ಪೆಟ್ರೋಲನ್ನು ಆಯಾ ಊರಿನ ಬಂಕಿನಲ್ಲೇ ತುಂಬಿಸಬೇಕು.

ಬಂಕಿನಲ್ಲಿ ಸಿಗುವುದನ್ನು ಲೆಕ್ಕ ಹಾಕಿದೆ. ಸಾಮಾನ್ಯ ಪೆಟ್ರೋಲಿಗೆ ನಮ್ಮಲ್ಲಿ ಕನಿಷ್ಠ 91 ಆಕ್ಟೇನ್ ಎಂದು ನಿಗದಿಯಾಗಿತ್ತು. ಆಕ್ಟೇನ್ ಎಂದರೆ ನಾಕಿಂಗನ್ನು, ಅಂದರೆ ಎಂಜಿನ್ನಿನೊಳಗೆ ಇಂಧನ ತಾನಾಗಿಯೇ ಸಿಡಿಯುವುದನ್ನು, ತಡೆಯುವ ಶಕ್ತಿಯ ಅಳತೆ. ದುಬಾರಿ ಬಗೆಗಳಲ್ಲಿ 95 ಸಿಗುತ್ತಿತ್ತು, ದೊಡ್ಡ ನಗರಗಳ ಕೆಲವು ಬಂಕುಗಳಲ್ಲಿ 100 ಕೂಡ ಉಂಟು. ಮಳೆಗಾಲದ ಒಂದು ಭಾನುವಾರ ಒಳಊರಿನ ಬಂಕಿಗೆ ಹೋಗಿ 100 ಕೇಳುವುದರಲ್ಲಿ ಅರ್ಥವಿಲ್ಲ. ಸಿಗದಿರಬಹುದಾದ ಇಂಧನಕ್ಕೆ ಟೈಮಿಂಗ್ (ಕಿಡಿ ಹತ್ತುವ ಕ್ಷಣ) ಕಟ್ಟಿದರೆ, ಅದು ಸಿಗದ ದಿನ ಪಿಸ್ಟನ್ ಬಲಿಯಾಗುತ್ತದೆ. ಆದ್ದರಿಂದ ಯಾವ ಬಂಕಿನಲ್ಲೂ ಸಿಗುವ ಸಾಮಾನ್ಯ ಪೆಟ್ರೋಲೇ ನನ್ನ ಇಂಧನ ಎಂದು ನಿಶ್ಚಯಿಸಿ, ಅದರ ಮೇಲಿನದೆಲ್ಲವನ್ನೂ ಲಾಭವೆಂದು ಪರಿಗಣಿಸಿದೆ.

ಆದರೆ ಆ ಸಾಮಾನ್ಯ ಪೆಟ್ರೋಲೂ ಈಗ ಹಳೆಯ ಪೆಟ್ರೋಲಲ್ಲ. 2025ರ ಹೊತ್ತಿಗೆ ದೇಶದಲ್ಲಿ ಶೇ 20ರ ಎಥನಾಲ್ ಮಿಶ್ರಣ ಬಂದಿತು. ಕಬ್ಬಿನ ಜೊತೆಗೆ ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುವುದರಿಂದ, ಶಿಕಾರಿಪುರದ ಕಡೆ ಬೆಳೆಯುವಂಥ ಜೋಳವೇ ಸುತ್ತಿ ಬಳಸಿ ನಮ್ಮ ಟ್ಯಾಂಕಿಗೆ ಬರುತ್ತಿದ್ದರೂ ಬರಬಹುದು. ಎಥನಾಲನ್ನು ಬೈಯುವವರು ಬಹಳ ಮಂದಿ. ಟರ್ಬೊ ಕಟ್ಟುವವನಿಗೆ ಅದು ಪೂರ್ತಿ ಕೆಟ್ಟದ್ದಲ್ಲ. ಅದರ ಆಕ್ಟೇನ್ ಸುಮಾರು 108, ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿ ಒಳಬರುವ ಗಾಳಿಯನ್ನು ತಣಿಸುತ್ತದೆ, ಅಂದರೆ ನಾಕಿಂಗ್ ದೂರ ಸರಿಯುತ್ತದೆ. ಇದಕ್ಕೆ ಪ್ರತಿಯಾಗಿ ಹೆಚ್ಚು ಇಂಧನ ಸುರಿಯಬೇಕು. ಶುದ್ಧ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಎಥನಾಲಿಗೆ 9 ಸಾಕು. ಶೇ 20ರ ಮಿಶ್ರಣಕ್ಕೆ ಇದು ಸುಮಾರು 13.5ಕ್ಕೆ ಇಳಿಯುತ್ತದೆ.

ಈ ಒಂದು ಅಂಕಿಯಲ್ಲಿ ಎಂಜಿನ್ನಿನ ಆಯುಷ್ಯವೇ ಅಡಗಿದೆ. ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಪೂರ್ಣ ಬೂಸ್ಟ್‌ಗೆ ಲ್ಯಾಂಬ್ಡಾ (ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಸಿಗುತ್ತಿದೆ ಎಂಬ ಅಂಕಿ) 0.80 ಎಂದು ಟ್ಯೂನ್ ಮಾಡಿದ ಕಾರಿಗೆ, ಬೇರೇನನ್ನೂ ಬದಲಿಸದೆ ಶೇ 20ರ ಮಿಶ್ರಣ ತುಂಬಿದರೆ ಅದು ಹೆಚ್ಚುಕಡಿಮೆ 0.86ಕ್ಕೆ ಹೋಗಿ ನಿಲ್ಲುತ್ತದೆ. ಬೂಸ್ಟ್ ಇಲ್ಲದ ಕಾರಿಗೆ ಇದು ಲೆಕ್ಕಕ್ಕೇ ಬಾರದ ವ್ಯತ್ಯಾಸ, ಟರ್ಬೊ ಕಾರಿನಲ್ಲಿ ಎಕ್ಸಾಸ್ಟ್ ಕೆಂಪಗಾಗುವಷ್ಟು ದೊಡ್ಡ ವ್ಯತ್ಯಾಸ. ನಾನು ಮೀಟರಿನಲ್ಲಿ ಗಾಳಿ–ಪೆಟ್ರೋಲಿನ ಅನುಪಾತವನ್ನು ನೋಡುವುದನ್ನೇ ಬಿಟ್ಟು ಲ್ಯಾಂಬ್ಡಾ ಮಾತ್ರ ಓದುವುದು ಈ ಕಾರಣಕ್ಕೆ. ಇಂಧನ ಯಾವುದೇ ಇರಲಿ, 0.80 ಎಂದರೆ 0.80 ತಾನೆ.

ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆಯೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ನೂರು ಮಿಲಿಲೀಟರಿನ ಗಾಜಿನ ಅಳತೆ ಸಿಲಿಂಡರಿಗೆ 10ರ ಗೆರೆಯವರೆಗೆ ನೀರು, ಅದರ ಮೇಲೆ 100ರ ಗೆರೆಯವರೆಗೆ ಪೆಟ್ರೋಲು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಬೆಂಕಿಯಿಂದ ದೂರದಲ್ಲಿ ನಿಲ್ಲಿಸಬೇಕು. ಮೊದಲು ಮೊಸರು ಕಡೆದಂತೆ ಬೆಳ್ಳಗಾಗುವ ದ್ರವ ನಿಧಾನವಾಗಿ ತಿಳಿಯಾಗಿ, ನಡುವೆ ಒಂದು ಸ್ಪಷ್ಟ ಗೆರೆ ಮೂಡುತ್ತದೆ. ಪೆಟ್ರೋಲಿನಲ್ಲಿದ್ದ ಎಥನಾಲ್ ನೀರಿನೊಂದಿಗೆ ಕೆಳಗಿಳಿದಿರುವುದರಿಂದ, ಶೇ 20ರ ಮಿಶ್ರಣವಾಗಿದ್ದರೆ ಆ ಗೆರೆ 10ರಲ್ಲಿ ಉಳಿಯದೆ 27–28ರ ಹತ್ತಿರ ಬಂದಿರುತ್ತದೆ. ಹೊಸ ಬಂಕಿನಲ್ಲಿ ಪೆಟ್ರೋಲು ಹಾಕಿಸಿದಾಗ ಈ ಪರೀಕ್ಷೆ ಮಾಡದೆ ನಾನು ಕಾರನ್ನು ಟ್ರೇಲರಿನಿಂದ ಇಳಿಸುವುದಿಲ್ಲ.

ಇದೇ ಗುಣ ಟ್ಯಾಂಕಿನೊಳಗೂ ಕೆಲಸ ಮಾಡುತ್ತದೆ. ಆಗುಂಬೆಯ ಆಸುಪಾಸಿನ ಜುಲೈ ತಿಂಗಳ ಗಾಳಿಯಲ್ಲಿ ಬಟ್ಟೆ ಒಣಗುವುದಿಲ್ಲ; ಅರ್ಧ ಖಾಲಿ ಟ್ಯಾಂಕಿನಲ್ಲಿ ಅದೇ ಗಾಳಿ ತುಂಬಿರುತ್ತದೆ. ನೀರಿನಂಶ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಜೊತೆಯಾಗಿ ತಳಕ್ಕಿಳಿದು, ಪಂಪು ಮೊದಲು ಹೀರುವುದೇ ಅದನ್ನು. ಮಳೆಗಾಲದಲ್ಲಿ ಕಾರು ನಿಂತಿರುವಾಗ ಟ್ಯಾಂಕನ್ನು ಒಂದೋ ತುಂಬಿ ಇಡುತ್ತೇನೆ, ಇಲ್ಲವೇ ಪೂರ್ತಿ ಬರಿದು ಮಾಡುತ್ತೇನೆ. ಹಳೆಯ ರಬ್ಬರ್ ಪೈಪುಗಳನ್ನೆಲ್ಲ ತೆಗೆದು ಎಥನಾಲ್ ತಾಳುವ ವಿಟಾನ್ ಒಳಪದರವಿರುವವನ್ನು ಹಾಕಿದ್ದೇನೆ.

ಇಂಧನ ತೀರ್ಮಾನವಾದ ಮೇಲೆ ಇಂಜೆಕ್ಟರ್ ಗಣಿತ ಸುಲಭ. 1298 ಸಿಸಿಯ ಈ ಎಂಜಿನ್ ಹುಟ್ಟಿನಿಂದ 85 ಅಶ್ವಶಕ್ತಿಯದು. ನನ್ನ ಗುರಿ 130. ಆ ಶಕ್ತಿಗೆ ಶುದ್ಧ ಪೆಟ್ರೋಲಾದರೆ, ಇಂಜೆಕ್ಟರುಗಳನ್ನು ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದೆಂಬ ಮಿತಿಯೊಳಗೆ, ಒಂದೊಂದಕ್ಕೂ ನಿಮಿಷಕ್ಕೆ ಸುಮಾರು 245 ಸಿಸಿ ಹರಿವು ಸಾಕು. ಶೇ 20ರ ಮಿಶ್ರಣಕ್ಕೆ 265. ನಾನು 360ರವನ್ನು ಆರಿಸಿದೆ. ಅದಕ್ಕಿಂತ ದೊಡ್ಡವು ಐಡಲಿಂಗ್‌ನಲ್ಲಿ ಸಣ್ಣ ಹನಿಯನ್ನು ನಿಖರವಾಗಿ ಬಿಡಲಾರವು. ಇಂಧನದ ಒತ್ತಡ ಕಾಯುವ ರೆಗ್ಯುಲೇಟರಿಗೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಒತ್ತಡವನ್ನು ಕೊಟ್ಟಿರುವುದರಿಂದ, 3 ಬಾರ್ ಇರುವ ರೈಲ್ (ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆ) ಒತ್ತಡ ಅರ್ಧ ಬಾರ್ ಬೂಸ್ಟ್‌ನಲ್ಲಿ 3.5 ಆಗುತ್ತದೆ, ಪಂಪನ್ನು ಆ ಒತ್ತಡದಲ್ಲಿ ಅದು ಕೊಡುವ ಹರಿವು ನೋಡಿಯೇ ಕೊಳ್ಳಬೇಕು.

ಇಷ್ಟಾದ ಮೇಲೆ ಇಸಿಯು. ಮೂಲ ಇಸಿಯುವಿಗೆ ಬೂಸ್ಟ್ ಎಂಬುದೇ ಗೊತ್ತಿಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಅದರ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡದ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರ ಬೆನ್ನಿಗೆ ಪಿಗ್ಗಿಬ್ಯಾಕ್ ಎಂಬ ಇನ್ನೊಂದು ಪೆಟ್ಟಿಗೆ ಕಟ್ಟಿ ಸೆನ್ಸರಿನ ಸಂಕೇತಗಳನ್ನು ತಿರುಚುವ ದಾರಿಯೊಂದಿದೆ. ಇಂಧನದ ಸ್ವಭಾವವೇ ಬದಲಾಗುತ್ತಿರುವಾಗ ಇಸಿಯುವಿಗೆ ಸುಳ್ಳು ಹೇಳಿ ಸತ್ಯ ಪಡೆಯುವ ಆ ಪದ್ಧತಿ ನನಗೆ ಹಿಡಿಸಲಿಲ್ಲ. ಸ್ವತಂತ್ರ ಇಸಿಯುಗಳಲ್ಲಿ ನಾನು ಕೇಳಿದ್ದು ನಾಲ್ಕನ್ನು ಮಾತ್ರ: ಎಥನಾಲ್ ಸೆನ್ಸರಿಗೆ ಜಾಗ, ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರಿನಿಂದ ಲ್ಯಾಂಬ್ಡಾ ಓದಿ ಇಂಧನವನ್ನು ತಿದ್ದಿಕೊಳ್ಳುವ ಸಾಮರ್ಥ್ಯ, ಮಿತಿ ಮೀರಿದಾಗ ಇಂಧನ ಕಡಿತ, ಮತ್ತು ಕೆಟ್ಟರೆ ಶಿವಮೊಗ್ಗದಲ್ಲೇ ಕೂತು ರಿಪೇರಿ ಮಾಡಬಹುದಾದ ಸರಳತೆ. ಕೊನೆಯದು ಉಳಿದವನ್ನೆಲ್ಲ ಸೋಲಿಸಿತು. ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ನಿಂತಿರುವ, ವಿನ್ಯಾಸ ಎಲ್ಲರಿಗೂ ಮುಕ್ತವಾಗಿರುವ ಸ್ಪೀಡುಯಿನೊವನ್ನು ಆರಿಸಿಕೊಂಡೆ. ಅದರ ಒತ್ತಡದ ಸೆನ್ಸರ್ 250 ಕಿಲೋಪ್ಯಾಸ್ಕಲ್‌ವರೆಗೆ ಅಳೆಯುತ್ತದೆ. ನನಗೆ ಬೇಕಾಗಿದ್ದುದು ಅದರ ಮುಕ್ಕಾಲೂ ಇಲ್ಲ. ಎಥನಾಲ್ ಸೆನ್ಸರ್ ಶುದ್ಧ ಪೆಟ್ರೋಲಿಗೆ 50 ಹರ್ಟ್ಸ್, ಶುದ್ಧ ಎಥನಾಲಿಗೆ 150 ಹರ್ಟ್ಸ್ ಕೊಡುತ್ತದೆ; ನಮ್ಮ ಬಂಕಿನ ಪೆಟ್ರೋಲಿಗೆ 70ರ ಸುತ್ತ ತೋರಿಸಿದಾಗ ಗಾಜಿನ ಸಿಲಿಂಡರಿನ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು.

ಇಸಿಯುವನ್ನು ಬಾನೆಟ್ಟಿನ ಕೆಳಗಿಡದೆ, ಡ್ಯಾಶ್‌ಬೋರ್ಡಿನ ಒಳಗೆ ಎತ್ತರದಲ್ಲಿ ಕೂರಿಸಿ, ಬೋರ್ಡಿಗೆ ರಕ್ಷಣಾ ವಾರ್ನಿಶ್ ಬಳಿದಿದ್ದೇನೆ. ಕ್ರ್ಯಾಂಕ್ ಪುಲ್ಲಿಗೆ 36ರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಬೇಕಿತ್ತು; ಆ ಖಾಲಿ ಜಾಗ ನೋಡಿಯೇ ಇಸಿಯು ಕ್ರ್ಯಾಂಕ್ ಎಲ್ಲಿದೆಯೆಂದು ತಿಳಿಯುವುದು. ಶಿವಮೊಗ್ಗ ಎರಕದ ಉದ್ಯಮ ಬೆಳೆದಿರುವ ಊರಾದ್ದರಿಂದ ಲೇತ್ ಕೆಲಸದವರಿಗೆ ಇಲ್ಲಿ ಕೊರತೆಯಿಲ್ಲ. ‘ಹಲ್ಲು ಒಂದು ಕಡಿಮೆ ಬಿತ್ತಲ್ಲ ಸಾರ್, ಹಾಕಿಕೊಡಲಾ?’ ಎಂದು ಮೇಸ್ತ್ರಿಯವರು ಕೇಳಿದ್ದನ್ನು ಬಿಟ್ಟರೆ ಆ ಕೆಲಸದಲ್ಲಿ ಹೇಳುವಂಥದ್ದೇನೂ ಇಲ್ಲ.

ನಾಕಿಂಗ್ ವಿಷಯದಲ್ಲಿ ಈ ಇಸಿಯು ನನ್ನ ಕಿವಿಯಷ್ಟು ನಂಬಿಕಸ್ಥವಲ್ಲ. 74 ಮಿಲಿಮೀಟರ್ ಬೋರಿನ ಎಂಜಿನ್ನಿನಲ್ಲಿ ನಾಕಿಂಗ್ ಸದ್ದು ಸುಮಾರು 7.7 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಒಂದು ತಾಮ್ರದ ಕೊಳವೆಯ ತುದಿಯನ್ನು ಚಪ್ಪಟೆ ಬಡಿದು ಬ್ಲಾಕಿಗೆ ಬೋಲ್ಟ್ ಮಾಡಿ, ಇನ್ನೊಂದು ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಕಿವಿ ಮುಚ್ಚುವ ಇಯರ್‌ಮಫ್‌ನೊಳಗೆ ತಂದುಕೊಂಡರೆ, ಬಾಣಲೆಯಲ್ಲಿ ಸಾಸಿವೆ ಸಿಡಿದಷ್ಟು ಸ್ಪಷ್ಟವಾಗಿ ಆ ಸದ್ದು ಕೇಳುತ್ತದೆ. ಬೂಸ್ಟ್‌ನ ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿಯಂತೆ ಟೈಮಿಂಗ್ ಹಿಂದಕ್ಕೆಳೆದು ಆರಂಭಿಸಿ, ಸದ್ದು ಕೇಳಿದಲ್ಲೆಲ್ಲ ಮತ್ತೆರಡು ಡಿಗ್ರಿ ಬಿಟ್ಟುಕೊಟ್ಟೆ.

ಬೂಸ್ಟ್ ಕೊನೆಯ ತೀರ್ಮಾನ: ಅರ್ಧ ಬಾರ್, ಬೂಸ್ಟ್ ಮಿತಿ ಮೀರದಂತೆ ತಡೆಯುವ ಬಾಗಿಲಾದ ವೇಸ್ಟ್‌ಗೇಟಿನ ಸ್ಪ್ರಿಂಗ್ ಒಂದರಿಂದಲೇ. ಅಷ್ಟಕ್ಕೇ 30 ಡಿಗ್ರಿಯ ಗಾಳಿ ಕಂಪ್ರೆಸರಿನಿಂದ 85–90 ಡಿಗ್ರಿಯಾಗಿ ಹೊರಬರುತ್ತದೆ. ಇಂಟರ್‌ಕೂಲರ್ ಅದನ್ನು 50ರ ಒಳಗೆ ತರುತ್ತದೆ. ಸ್ಪ್ರಿಂಗ್ ಕಾಯುವುದು ಹೊರಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಶಿವಮೊಗ್ಗದಲ್ಲಿ ಮ್ಯಾನಿಫೋಲ್ಡ್ 145 ಕಿಲೋಪ್ಯಾಸ್ಕಲ್ ತೋರಿಸಿದರೆ, ಸಾವಿರ ಮೀಟರಿಗೂ ಎತ್ತರದ ಚಿಕ್ಕಮಗಳೂರಿನಲ್ಲಿ 140ಕ್ಕೂ ಒಂದೆರಡು ಕಡಿಮೆಯೇ. ಎಲೆಕ್ಟ್ರಾನಿಕ್ ನಿಯಂತ್ರಣ ಹಾಕಿ ಅಲ್ಲಿಯೂ 145 ಪಡೆಯಬಹುದು, ಆದರೆ ಅದಕ್ಕಾಗಿ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ. ಬೆಟ್ಟದ ಮೇಲೆ ಕೆಲವು ಅಶ್ವಶಕ್ತಿ ಬಿಟ್ಟುಕೊಡುವುದೇ ಮೇಲೆಂದು ಬಗೆದೆ. ಮ್ಯಾನಿಫೋಲ್ಡ್ ಒತ್ತಡ 165 ಮುಟ್ಟಿದರೆ ಇಂಧನ ಕಡಿತವಾಗುತ್ತದೆ. 95 ಆಕ್ಟೇನ್ ಸಿಕ್ಕಿದ ದಿನಗಳಿಗೆಂದು ಎರಡು ಡಿಗ್ರಿ ಹೆಚ್ಚು ಟೈಮಿಂಗ್‌ನ ಇನ್ನೊಂದು ಪಟ್ಟಿ ಲ್ಯಾಪ್‌ಟಾಪಿನಲ್ಲಿದೆ. ಅದನ್ನು ಸ್ವಿಚ್ಚಿಗೆ ಜೋಡಿಸಿಲ್ಲ, ಜೋಡಿಸುವ ಯೋಚನೆಯೂ ಸದ್ಯಕ್ಕಿಲ್ಲ.