ಹಳೇ ಸೆಡಾನ್ ಇಟ್ಟುಕೊಂಡವರು ಮೀಟರ್ ಜೊತೆ ವರ್ಷವನ್ನೂ ನೋಡಿ

10 ವರ್ಷ ದಾಟಿದ ಕಾರಿನ ಪಿಕಪ್ ಕಡಿಮೆಯಾದರೆ ಎಲ್ಲರೂ ಇಂಜಿನ್ ಹೋಯ್ತು ಅಂದುಕೊಳ್ಳುತ್ತಾರೆ. ಸುಮ್ನೆ ಗಾಬರಿ ಬೇಡ. ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸಿ, ಥ್ರಾಟಲ್ ಬಾಡಿ (ಇಂಜಿನ್‌ಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ ಭಾಗ) ಕ್ಲೀನ್ ಮಾಡಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ನಿಜವಾಗಿ ಕೈ ಕೊಡುವುದು ರಬ್ಬರ್. ಗಾಡಿ ಓಡದೆ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಹೋಸನ್ನು ಬೆರಳಿನಿಂದ ಒತ್ತಿ. ಚೆನ್ನಾಗಿದ್ದರೆ ಕುಗ್ಗಿ ವಾಪಸ್ ಬರುತ್ತದೆ. ಕಡ್ಡಿಯಂತೆ ಗಟ್ಟಿಯಾಗಿದ್ದರೆ, ಕ್ಲಾಂಪ್ ಹತ್ತಿರ ಬಿರುಕು ಅಥವಾ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಒಣಗಿದ ಕಲೆ ಕಂಡರೆ ಬದಲಾಯಿಸಿ. ದಾರಿಯಲ್ಲಿ ಅದು ಒಡೆದು ಇಂಜಿನ್ ಕಾದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ತನಕ ಖರ್ಚು ಬರಬಹುದು.

ಟೈಮಿಂಗ್ ಬೆಲ್ಟ್ (ಇಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ನಡೆಸುವ ರಬ್ಬರ್ ಬೆಲ್ಟ್) ಇರುವ ಕಾರಾದರೆ ಕಿಲೋಮೀಟರ್ ಕಡಿಮೆ ಅಂತ ಮುಂದೂಡಬೇಡಿ. ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಕಿಲೋಮೀಟರ್ ಜೊತೆ ವರ್ಷದ ಗಡುವೂ ಇರುತ್ತದೆ, ಯಾವುದು ಮೊದಲೋ ಅದೇ ಲೆಕ್ಕ. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಹೊಡೆಯುತ್ತದೆ.

ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುತ್ತದೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

ಇನ್ನು ಹೊಗೆ. ನೀಲಿ ಬಣ್ಣ ಇದ್ದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಕೂಡ ಇಳಿಯುತ್ತಿದ್ದರೆ ಓಡಿಸುವುದು ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.